ಉಳಿದ ಚಿಲ್ಲರೆ ಯಾರಿಗೆ?

ಹೋದ ದೀಪಾವಳಿ ರಜೆಯಲ್ಲಿ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಕೊಂಡಿತು. ಒಂಬತ್ತು ವರ್ಷದ ಮೊಮ್ಮಗನ ಕೈಬರಹ. ಪಾತ್ರೆ ಒರೆಸಿ ಎತ್ತಿಡಲು 10 ರೂಪಾಯಿ, ಒಣಗಿದ ಬಟ್ಟೆ ಮಡಚಲು 15, ಕೆಳಗಿನ ಅಂಗಡಿಯಿಂದ ಹಾಲು ತರಲು 5, ಅಜ್ಜಿಯ ಕನ್ನಡಕ ಹುಡುಕಿಕೊಡಲು 2. ಕನ್ನಡಕದ ದರ ಇಷ್ಟು ಕಡಿಮೆ ಏಕೆ ಎಂದು ಕೇಳಿದೆ. "ದಿನಕ್ಕೆ ಹತ್ತು ಸಲ ಹುಡುಕಬೇಕಲ್ಲ ಅಜ್ಜಿ, ಹೋಲ್‌ಸೇಲ್ ರೇಟು" ಎಂದ.

ಮಗನಿಗೆ ಖುಷಿಯೋ ಖುಷಿ. "ಒಳ್ಳೇದೇ ಅಲ್ವಾ ಅಮ್ಮ, ದುಡಿದರೆ ಮಾತ್ರ ದುಡ್ಡು ಬರ್ತದೆ ಅಂತ ಈಗಲೇ ಗೊತ್ತಾಗ್ಲಿ" ಎಂದು ಮೊದಲ ವಾರದ ಬಾಬ್ತು 80 ರೂಪಾಯಿ ಎಣಿಸಿ ಕೊಟ್ಟ. ಸೊಸೆ ಏನೂ ಹೇಳಲಿಲ್ಲ. ಹೇಳಿದ್ದು ಹನ್ನೆರಡು ವರ್ಷದ ಮೊಮ್ಮಗಳು. ಹಾಳೆಯ ಮುಂದೆ ನಿಂತು ಪೂರ್ತಿ ಓದಿ, "ಬಟ್ಟೆ ದಿನಾ ನಾನು ಮಡಚ್ತೇನಲ್ಲ ಪಪ್ಪಾ, ಅದಕ್ಕೂ ರೇಟ್ ಇತ್ತಾ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ನಮ್ಮ ಮಹಿಳಾ ವಿಭಾಗದ ಸಂಚಿಕೆಗೆ ಈ ಸಲ ಅಡುಗೆ ಬಿಟ್ಟು ಬೇರೆ ಏನಾದರೂ ಬರೆಯಿರಿ ಎಂದು ಸಂಪಾದಕಿಯವರು ಹೇಳಿದ್ದರು. ಆ ಪ್ರಶ್ನೆಯ ಬೆನ್ನು ಹತ್ತಿ ಒಂದಿಷ್ಟು ಹಿಂದಕ್ಕೆ ಹೋದೆ. ಮಕ್ಕಳಿಗೆ ಹಣದ ವ್ಯವಹಾರ ಕಲಿಸುವುದು ಈಗಿನ ತಂದೆತಾಯಿಯರ ಹೊಸ ಶೋಕಿ ಎಂದುಕೊಂಡಿದ್ದೆ. ಹಾಗೇನೂ ಅಲ್ಲ.

ನಮ್ಮ ಕಾಲದಲ್ಲಿ ಆ ಪಾಠ ನಾಣ್ಯದಿಂದಲೇ ಶುರುವಾಗುತ್ತಿತ್ತು. ಹೆಸರುಗಳನ್ನೇ ನೋಡಿ. ದುಡ್ಡು ಎಂಬುದು ಮೊದಲು ಒಂದು ತಾಮ್ರದ ನಾಣ್ಯದ ಹೆಸರು. ಹಣ ಎಂಬುದು ಉಗುರಿನಷ್ಟು ಪುಟ್ಟ ಚಿನ್ನದ ನಾಣ್ಯ. ಕಾಸು ಎಂಬ ನಮ್ಮ ದಕ್ಷಿಣದ ಮಾತು ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷರಿಗೆ ಹೋಗಿ, ಚೀನಾದ ಚಿಲ್ಲರೆ ನಾಣ್ಯಕ್ಕೂ ಅವರು ಅದನ್ನೇ ಇಟ್ಟುಕೊಂಡರು. ಬ್ರಿಟಿಷರ ಕಾಲದಲ್ಲಿ ನೆಲೆಗೊಂಡ ಲೆಕ್ಕದಲ್ಲಿ ಒಂದು ರೂಪಾಯಿಗೆ 16 ಆಣೆ, ಒಂದಾಣೆಗೆ 4 ಪೈಸೆ, ಒಂದು ಪೈಸೆಗೆ 3 ಪೈ. ಅಂದರೆ ರೂಪಾಯಿಗೆ 192 ಪೈ. ಯುದ್ಧಕಾಲದಲ್ಲಿ ಲೋಹದ ಅಭಾವವಾಗಿ 1943ರಿಂದ 1947ರವರೆಗೆ ನಡುವೆ ತೂತು ಇರುವ ಪೈಸೆ ಹೊಡೆದರು. ದಕ್ಷಿಣ ಕನ್ನಡದಲ್ಲಿ ಅದನ್ನು ಒಟ್ಟೆ ಮುಕ್ಕಾಲು ಎನ್ನುತ್ತಿದ್ದರು. ನಾಣ್ಯ ಹೋದರೂ ಬೈಗುಳದಲ್ಲಿ ಅದು ಬಹಳ ಕಾಲ ಉಳಿಯಿತು: ಒಟ್ಟೆ ಮುಕ್ಕಾಲಿಗೂ ಬೆಲೆಯಿಲ್ಲದವನು!

ಇಂಥ ಲೆಕ್ಕ ಬಾಯಲ್ಲಿ ಆಡಬೇಕಾದರೆ ಮಗ್ಗಿ ಬೇಕೇ ಬೇಕು. ಹಳೆಯ ಕೂಲಿಮಠಗಳಲ್ಲಿ ಎರಡೊಂದ್ಲೆ ಎರಡು ಮಾತ್ರವಲ್ಲ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಉರು ಹೊಡೆಸುತ್ತಿದ್ದರು. ಐಗಳಿಗೆ ಸಂಬಳ ಎಂಬುದು ಹೆಚ್ಚಾಗಿ ಅಕ್ಕಿ, ರಾಗಿ, ತರಕಾರಿಯ ರೂಪದಲ್ಲಿ ಸಲ್ಲುತ್ತಿತ್ತು. ಕಲಿಯುವ ಹುಡುಗರು ಐಗಳ ಮನೆಗೆ ಸೌದೆ ತರುವುದೂ ಇತ್ತು. ಹಣವಿಲ್ಲದೆ ಹಣದ ಲೆಕ್ಕ ಕಲಿಸಿದ ಶಾಲೆಗಳು ಅವು. ಆದರೆ ಅಲ್ಲಿ ಕೂತವರು ಬಹುಮಟ್ಟಿಗೆ ಗಂಡುಮಕ್ಕಳು.

ಹೆಣ್ಣುಮಕ್ಕಳು ಕಲಿತದ್ದು ಅಂಗಡಿಯಲ್ಲಿ. ನಾನು ಕುಂದಾಪುರದ ಕಡೆಯವಳು. ಅಮ್ಮ ಸೆರಗಿನ ಗಂಟು ಬಿಚ್ಚಿ ಕಾಸು ಕೊಡುವಾಗ ಯಾವ ಸಾಮಾನು ಎಷ್ಟು, ವಾಪಸು ಎಷ್ಟು ಬರಬೇಕು ಎಂದು ಎರಡು ಸಲ ಹೇಳಿಸಿಕೊಂಡೇ ಕಳಿಸುತ್ತಿದ್ದರು. ಮನೆಗೆಲಸಕ್ಕೆ ದುಡ್ಡು ಕೊಡುವ ಮಾತೇ ಇರಲಿಲ್ಲ. ಬಾವಿಯಿಂದ ನೀರು ಸೇದಿದ್ದಕ್ಕೆ, ಅಂಗಳ ಸಾರಿಸಿದ್ದಕ್ಕೆ ಯಾರಾದರೂ ಕಾಸು ಕೇಳಿದ್ದರೆ ಬೆನ್ನಿಗೆ ಬೀಳುತ್ತಿತ್ತು. ದುಡ್ಡು ಕೈಗೆ ಬರುತ್ತಿದ್ದುದು ಇತರ ದಾರಿಗಳಲ್ಲಿ. ಹಬ್ಬಕ್ಕೆ ಹಿರಿಯರ ಕಾಲಿಗೆ ಬಿದ್ದಾಗ ಒಂದಾಣೆ. ನೆಂಟರು ಹೊರಡುವಾಗ ಕೈಯಲ್ಲಿ ಇಡುವ ಪಾವಲಿ, ಅಂದರೆ ನಾಲ್ಕಾಣೆ. ಅದನ್ನು ಮಾತ್ರ ಅಮ್ಮ ನೆಂಟರು ಗದ್ದೆಯ ಅಂಚು ದಾಟುವ ಮೊದಲೇ ವಸೂಲು ಮಾಡುತ್ತಿದ್ದರು. ಬೇಸಗೆಯಲ್ಲಿ ಗುಡ್ಡದ ಮೇಲೆ ಗೇರುಬೀಜ ಹೆಕ್ಕಿ ಅಂಗಡಿಗೆ ಹಾಕಿದರೆ ಸಿಗುವ ಚಿಲ್ಲರೆ. ಮತ್ತೆ, ಅಂಗಡಿಗೆ ಹೋಗಿಬಂದವರಿಗೆ ಅಪರೂಪಕ್ಕೆ ದಕ್ಕುವ ಉಳಿದ ಚಿಲ್ಲರೆ.

ಆ ಉಳಿದ ಚಿಲ್ಲರೆ ಬಹುಪಾಲು ಅಣ್ಣನಿಗೇ. ಪೇಟೆಯ ಅಂಗಡಿಗೆ ಹೋಗುವವನು ಅವನು. ನಾನು ಒಳಗೆ ಪಾತ್ರೆ ಬೆಳಗುತ್ತಿದ್ದೆ, ಮತ್ತು ಬೂದಿ ಹಾಕಿ ತಿಕ್ಕಿದ ಚೆಂಬಿನಲ್ಲಿ ಚಿಲ್ಲರೆ ಉಳಿಯುವುದಿಲ್ಲ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ ನೂರು. ಹಳೆಯ ನಾಣ್ಯ, ಹೊಸ ನಾಣ್ಯ ಎರಡೂ ಕೆಲವು ವರ್ಷ ಒಟ್ಟಿಗೆ ಓಡಾಡಿದವು. ಒಂದಾಣೆ ಅಂದರೆ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯವಂತೂ ಇಲ್ಲ. ಆದ್ದರಿಂದ ಸರಕಾರ ಒಂದು ಪರಿವರ್ತನೆಯ ಕೋಷ್ಟಕ ಹೊರಡಿಸಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಹಿರಿಯರು ಈ ಪಟ್ಟಿ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಒಂಬತ್ತು ವರ್ಷದ ಅಣ್ಣ ಅದರಲ್ಲಿ ಒಂದು ಕಿಂಡಿ ಕಂಡುಹಿಡಿದ. ನಾಲ್ಕಾಣೆಯ ಸಾಮಾನು ಒಟ್ಟಿಗೆ ತಂದರೆ 25 ನಯಾ ಪೈಸೆ ಕೊಡಬೇಕು. ಒಂದೊಂದಾಣೆಯದ್ದು ನಾಲ್ಕು ಸಲ ಹೋಗಿ ತಂದರೆ 24. ಒಂದು ಪೈಸೆ ಉಳಿಯಿತು! ಬೆಲ್ಲಕ್ಕೆ ಒಮ್ಮೆ, ಉಪ್ಪಿಗೆ ಒಮ್ಮೆ, ಮೆಣಸಿಗೆ ಒಮ್ಮೆ ಎಂದು ಅವನು ಅಂಗಡಿಗೆ ಓಡುವುದನ್ನು ಕಂಡು ಅಮ್ಮ, ಹುಡುಗನಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂತಲ್ಲ ಎಂದು ಹಿಗ್ಗಿದರು. ಅಂಗಡಿಯವರಿಗೆ ಗೊತ್ತಾದ ಮೇಲೆ ಆಟ ನಿಂತಿತು. ಅಷ್ಟರಲ್ಲಿ ಅವನ ಹುಂಡಿಯಲ್ಲಿ ಹದಿನೇಳು ನಯಾ ಪೈಸೆ ಸೇರಿತ್ತು. ಲೆಕ್ಕ ಇಷ್ಟು ಚೆನ್ನಾಗಿ ಅವನಿಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. 1964ರಲ್ಲಿ ನಯಾ ಎಂಬ ಮಾತು ಬಿದ್ದುಹೋಗಿ ಬರೀ ಪೈಸೆ ಆಯಿತು. 2011ರ ಜೂನ್ ಕೊನೆಗೆ ಪಾವಲಿಯೂ ಅದಕ್ಕಿಂತ ಚಿಕ್ಕ ನಾಣ್ಯಗಳೂ ಚಲಾವಣೆಯಿಂದ ಹೋದವು. ಈಗ ಮೊಮ್ಮಗನಿಗೆ ರೂಪಾಯಿಗಿಂತ ಕೆಳಗೆ ಏನೋ ಇತ್ತು ಎಂದು ನಂಬಿಸುವುದೇ ಕಷ್ಟ.

ಆದರೆ ಮಕ್ಕಳ ದುಡಿಮೆ ಎಂದಾಗ ಗೇರುಬೀಜದ ಚಿಲ್ಲರೆಯನ್ನಷ್ಟೇ ನೆನೆದು ನಗುವುದು ಸುಳ್ಳಾದೀತು. ನಮ್ಮ ಜಿಲ್ಲೆಯಲ್ಲಿ ಮನೆಗೆಲಸದ ಜೊತೆಗೇ ಇನ್ನೊಂದು ಕೆಲಸ ಜಗಲಿಗೆ ಬಂದು ಕೂತಿತ್ತು: ಬೀಡಿ ಕಟ್ಟುವುದು. ನೆನೆಹಾಕಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಇಟ್ಟು ಸುರುಟಿ, ತುದಿ ಮಡಚಿ, ನೂಲು ಸುತ್ತುವುದು. ಲೆಕ್ಕ ಸಾವಿರದಲ್ಲಿ. ತಾಯಿ ಸುರುಟಿದರೆ ಹೆಣ್ಣುಮಕ್ಕಳು ಎಲೆ ಕತ್ತರಿಸುತ್ತಿದ್ದರು, ತುದಿ ಮಡಚುತ್ತಿದ್ದರು. ಶಾಲೆಯಿಂದ ಬಂದು ಚೀಲ ಇಟ್ಟವರೇ ಮೊರ ಮಡಿಲಿಗೆ ಎಳೆದುಕೊಂಡ ಗೆಳತಿಯರು ನನಗೆ ಹಲವರು. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತಿತ್ತು, ಅಲ್ಲಿ ಒಂದಿಷ್ಟನ್ನು ಸರಿಯಿಲ್ಲವೆಂದು ಎತ್ತಿ ಬಿಸಾಡುತ್ತಿದ್ದರು, ಉಳಿದದ್ದಕ್ಕೆ ಮಜೂರಿ. ಎಷ್ಟು ಎಲೆಗೆ ಎಷ್ಟು ಬೀಡಿ, ಎಷ್ಟು ತಿರಸ್ಕಾರ, ಕೈಗೆ ಎಷ್ಟು ಎಂಬ ಲೆಕ್ಕ ಎಂಟು ವರ್ಷದ ಹುಡುಗಿಯರ ನಾಲಿಗೆಯ ತುದಿಯಲ್ಲಿತ್ತು. ಬೀಡಿ ಕಾರ್ಮಿಕರಿಗೆಂದೇ ಕಾನೂನು ಬಂದದ್ದು 1966ರಲ್ಲಿ. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಅದು ಒಪ್ಪಿತು. ತಾಯಿಯ ಹೆಸರಿನ ಲೆಕ್ಕದೊಳಗೆ ಮಗಳ ಬೆರಳು ಎಷ್ಟು ಕೆಲಸ ಮಾಡಿದೆ ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಬರಲಿಲ್ಲ. ಆ ಹಣದಲ್ಲಿ ತಮ್ಮಂದಿರ ಫೀಸು ಹೋಯಿತು, ಹುಡುಗಿಯರ ಕಿವಿಗೆ ಬೆಂಡೋಲೆ ಬಂತು. ಕಿವಿಯ ಓಲೆಯನ್ನು ಮುಟ್ಟಿ, "ಇದು ನನ್ನದೇ ಬೀಡಿಯದ್ದು" ಎಂದು ಹೆಮ್ಮೆಯಿಂದ ಹೇಳಿದ ಗೆಳತಿಯನ್ನು ನಾನು ಮರೆತಿಲ್ಲ. ಅವಳು ಏಳನೆಯ ತರಗತಿಗೆ ಬರಲಿಲ್ಲ ಎಂಬುದನ್ನೂ ಮರೆತಿಲ್ಲ.

ಗಂಡುಮಕ್ಕಳ ದಾರಿ ಮುಂಬೈಗೆ ಹೋಯಿತು. ಇದನ್ನು ಓದುತ್ತಿರುವ ಎಷ್ಟೋ ಮನೆಗಳ ಮೊದಲ ಅಧ್ಯಾಯ ಅದೇ: ಬಸ್ಸು ಅಥವಾ ಹಡಗು ಹತ್ತಿ ಬಂದು, ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರು. ಅಣ್ಣ 1961ರಲ್ಲಿ ಬಂದಾಗ ಅವನಿಗೆ ಹದಿಮೂರು. ಹಗಲು ಹೋಟೆಲು, ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆ. ಮುಂಬೈಯ ನಮ್ಮ ಸಂಘಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳ ಋಣ ಈ ಊರಿನ ಕನ್ನಡಿಗರ ಮೇಲೆ ಎಷ್ಟಿದೆ ಎಂಬುದಕ್ಕೆ ಬೇರೆಯೇ ಒಂದು ಲೇಖನ ಬೇಕು. ಊಟ, ಮಲಗುವ ಜಾಗ ಹೋಟೆಲಿನದೇ ಆದ್ದರಿಂದ ಸಂಬಳದ ಬಹುಪಾಲು ಊರಿಗೆ ಹೊರಡುತ್ತಿತ್ತು.

ಅದು ಹೊರಡುತ್ತಿದ್ದುದು ಮನಿಯಾರ್ಡರಿನಲ್ಲಿ. ಅಂಚೆ ಇಲಾಖೆ ಈ ಸೇವೆ ಶುರು ಮಾಡಿದ್ದು 1880ರಲ್ಲಿ. ಫಾರಮಿನ ಕೆಳಗೆ ಎರಡು ಮೂರು ಸಾಲು ಬರೆಯಲು ಒಂದು ಚೂರು ಜಾಗ ಇರುತ್ತಿತ್ತು. ಹಣ ಎಣಿಸಿಕೊಟ್ಟು ಪೋಸ್ಟ್‌ಮ್ಯಾನ್ ಆ ಚೂರನ್ನು ಹರಿದು ನಮಗೆ ಕೊಟ್ಟು ಹೋಗುತ್ತಿದ್ದರು. ಅಮ್ಮನಿಗೆ ಓದು ಬಾರದು. ಓದುವವಳು ನಾನು. 'ಕ್ಷೇಮ. 15 ರೂಪಾಯಿ ಕಳಿಸಿರುವೆ. ಅಂಗಡಿ ಬಾಕಿ ಮೊದಲು ಕೊಡುವುದು. ತಂಗಿಗೆ ಒಂದು ರೂಪಾಯಿ.' ಆ ಒಂದು ರೂಪಾಯಿ ನನ್ನ ಕೈಗೆ ಬಂದದ್ದು ಎರಡೇ ಸಲ, ಅದು ಬೇರೆ ಕತೆ. ಆದರೆ ಆ ಚೂರುಗಳನ್ನೆಲ್ಲ ಒಂದು ತಂತಿಗೆ ಚುಚ್ಚಿಟ್ಟು, ಹಳೆಯ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬಂದದ್ದು, ಹೋದದ್ದು, ಬಾಕಿ ಎಂದು ಮೂರು ಗೆರೆ ಎಳೆದು ಬರೆಯುವ ಕೆಲಸ ನನ್ನದಾಯಿತು. ಹನ್ನೊಂದನೆಯ ವಯಸ್ಸಿಗೆ ನಮ್ಮ ಮನೆಯ ಸಾಲ ಎಷ್ಟಿದೆ ಎಂದು ಅಪ್ಪನಿಗಿಂತ ಸರಿಯಾಗಿ ನನಗೆ ಗೊತ್ತಿತ್ತು. ದುಡಿದವನು ಅಣ್ಣ, ಲೆಕ್ಕ ಇಟ್ಟವಳು ನಾನು, ಖರ್ಚು ಮಾಡುವ ಅಧಿಕಾರ ಇಬ್ಬರದ್ದೂ ಅಲ್ಲ.

ಈಗ ಅದು ಅಪರಾಧ. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಮನೆಗೆಲಸಕ್ಕೆ ಇಟ್ಟುಕೊಳ್ಳುವುದಕ್ಕೂ ನಿಷೇಧ ಬಿತ್ತು. ಬೀಳಲೇಬೇಕಿತ್ತು. ನಮ್ಮವರು ಕಷ್ಟಪಟ್ಟು ಮೇಲೆ ಬಂದರು ಎಂಬ ಹೆಮ್ಮೆಯ ಭಾಷಣ ಸಂಘದ ವೇದಿಕೆಯಲ್ಲಿ ಕೇಳುವಾಗೆಲ್ಲ ನನಗೆ, ಮೇಲೆ ಬಾರದೆ ಹೋದ ಹುಡುಗರು ಎಷ್ಟೋ ಎನ್ನಿಸುತ್ತದೆ. ವೇದಿಕೆ ಹತ್ತುವವರು ಗೆದ್ದವರು ಮಾತ್ರ.

ಕೂಡಿಡುವ ಪಾಠ ಕಲಿಸಿದ ಸಂಸ್ಥೆಗಳ ಕತೆಯಲ್ಲಿ ನಮ್ಮ ಕರಾವಳಿಗೆ ದೊಡ್ಡ ಪಾಲಿದೆ. ಅಂಚೆ ಉಳಿತಾಯ ಬ್ಯಾಂಕು 1882ರಿಂದ ಇತ್ತು, ನಿಜ. ಆದರೆ ಬಡವರ ಹೊಸ್ತಿಲಿಗೆ ಬ್ಯಾಂಕು ನಡೆದು ಬಂದದ್ದು ನಮ್ಮಲ್ಲಿ. 1906 ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದನ್ನೂ ಕಟ್ಟಿದರು. ಇದೇ ಸುಬ್ಬರಾವ್ ಪೈಯವರು ಅದಕ್ಕೂ ಮೊದಲೇ, 1894ರಲ್ಲಿ, ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಕೆನರಾ ಶಾಲೆ ತೆರೆದವರು. 1925ರಲ್ಲಿ ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಈ ಮೂವರು ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಬೀಜ ಬಿತ್ತಿದರು. ಮೂರು ವರ್ಷದ ಮೇಲೆ, 1928ರಲ್ಲಿ, ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ.

ಎರಡಾಣೆಯ ಠೇವಣಿಯನ್ನು ಆಗಿನ ದೊಡ್ಡ ಬ್ಯಾಂಕುಗಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದರ ಗುಟ್ಟು ಬಡ್ಡಿಯಲ್ಲಿರಲಿಲ್ಲ, ದಿನವೂ ಬರುವುದರಲ್ಲಿತ್ತು. ಇಂಥ ಹೊತ್ತಿಗೆ ಪಿಗ್ಮಿಯವರು ಬರುತ್ತಾರೆ ಎಂದಾದರೆ ಬೆಳಿಗ್ಗೆಯೇ ಆ ಕಾಸು ಎತ್ತಿಡಬೇಕು. ಎತ್ತಿಟ್ಟ ಮೇಲೆ ಅದು ಖರ್ಚಿನ ಹಣವಲ್ಲ. ನಮ್ಮ ಹೆಂಗಸರಿಗೆ ಇದು ಹೊಸದೇನಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುವ ಮುಷ್ಟಿ ಅಕ್ಕಿಯ ಅಭ್ಯಾಸ ಬ್ಯಾಂಕುಗಳಿಗಿಂತ ಹಳೆಯದು. ಪಿಗ್ಮಿ ಅದನ್ನೇ ನಾಣ್ಯದಲ್ಲಿ ಮಾಡಿತು. ನಾಣ್ಯ ಕೊಡಲು ಹೊರಗೆ ಓಡುತ್ತಿದ್ದವರು ಮನೆಯ ಮಕ್ಕಳು. ಕೊಟ್ಟು, ಕಾರ್ಡಿನಲ್ಲಿ ಬರೆಸಿಕೊಂಡು, ಕೂಡಿಸಿ ನೋಡಿ, ಒಳಗೆ ತಂದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸುವುದು. ಒಂದು ತಲೆಮಾರಿನ ಮಕ್ಕಳಿಗೆ ಬ್ಯಾಂಕಿಂಗ್ ಕಲಿಸಿದ್ದು ಆ ಕಾರ್ಡು.

ನಮ್ಮ ಮನೆಗೂ ಹೀಗೆ ದಿನದ ಠೇವಣಿಗೆ ಒಬ್ಬರು ಬರುತ್ತಿದ್ದರು. ಹಣ ಅಮ್ಮನದು, ಹಾಲು ಮಾರಿದ್ದು. ಕಾರ್ಡಿನಲ್ಲಿ ಹೆಸರು ಅಪ್ಪನದು. ಹಾಗೆ ಬರೆಸಿದ್ದು ಅಪ್ಪನೇ. ಅವಧಿ ಮುಗಿದಾಗ ಅಪ್ಪ ಹೋಗಿ ಹಣ ತಂದು ಮಾಡಿಗೆ ಹೆಂಚು ಹೊದೆಸಿದರು. ಅಪ್ಪ ಕೆಟ್ಟವರಲ್ಲ, ಆ ಹೆಂಚಿನ ಕೆಳಗೆ ಮಲಗಿದ್ದು ನಾವೆಲ್ಲರೂ. ಆದರೆ ಅಮ್ಮ ಆ ಹಣದಲ್ಲಿ ಇನ್ನೊಂದು ಎಮ್ಮೆ ಕೊಳ್ಳಬೇಕೆಂದಿದ್ದರು. ಅದನ್ನು ನಮಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಒಂದು ಮಳೆಗಾಲದಲ್ಲಿ, ಸೋರದ ಮಾಡನ್ನು ನೋಡುತ್ತಾ.

ಮಕ್ಕಳಿಗೆ ಹಣ ಕಲಿಸುವವರು ಮನೆಯಲ್ಲಿ ತಾಯಂದಿರು. ಆದರೆ ಮಕ್ಕಳ ಹಣಕ್ಕೆ ತಾಯಿಯ ಸಹಿ ಬಹಳ ಕಾಲ ನಡೆಯುತ್ತಿರಲಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಯಲ್ಲಿ ಮಗುವಿನ ಸ್ವಾಭಾವಿಕ ಪೋಷಕ ತಂದೆ, 'ಅವನ ನಂತರ' ತಾಯಿ ಎಂದು ಬರೆದಿತ್ತು. ಈ 'ನಂತರ' ಎಂಬ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಫಾರಮುಗಳನ್ನು ತಡೆದಿದೆಯೋ! ತಾಯಿಯನ್ನು ಪೋಷಕಿಯಾಗಿಟ್ಟು ಮಕ್ಕಳ ಖಾತೆ ತೆರೆಯಬಹುದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದ್ದು 1976ರ ಡಿಸೆಂಬರಿನಲ್ಲಿ. ಅಷ್ಟಾದರೂ ಮುಗಿಯಲಿಲ್ಲ. 1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ರಿಲೀಫ್ ಬಾಂಡ್ ಕೊಳ್ಳಲು ಅರ್ಜಿ ಹಾಕಿದರು. ಗಂಡಹೆಂಡತಿ ಇಬ್ಬರೂ ಒಪ್ಪಿಯೇ ತಾಯಿ ಸಹಿ ಮಾಡಿದ್ದರು. ತಂದೆಯ ಸಹಿ ಬೇಕು ಎಂದು ಉತ್ತರ ಬಂತು. ಅವರು ಸುಮ್ಮನಾಗಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರವರಿಯಲ್ಲಿ ತೀರ್ಪು ಬಂತು. 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದೇ ಓದಬೇಕಿಲ್ಲ, ತಂದೆ ಮಗುವಿನ ಹೊಣೆ ಹೊರದೆ ಇರುವಾಗ ಅಥವಾ ಇಬ್ಬರ ಒಪ್ಪಿಗೆಯಿಂದ ತಾಯಿಯೇ ನೋಡಿಕೊಳ್ಳುತ್ತಿರುವಾಗಲೂ ತಾಯಿಯೇ ಸ್ವಾಭಾವಿಕ ಪೋಷಕಿ ಎಂದಿತು ಕೋರ್ಟು. ಒಂದು ಬಾಂಡಿನ ಸಹಿಗೆ ಹದಿನಾಲ್ಕು ವರ್ಷ. ನಮ್ಮ ಸದಸ್ಯೆಯರಲ್ಲಿ ಎಪ್ಪತ್ತರ, ಎಂಬತ್ತರ ದಶಕದಲ್ಲಿ ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಲು ಕೌಂಟರಿನ ಮುಂದೆ ನಿಂತವರು ಇದ್ದರೆ, 'ಮಿಸ್ಟರ್ ಎಲ್ಲಿ?' ಎಂಬ ಪ್ರಶ್ನೆ ಅವರಿಗೂ ನೆನಪಿರಬೇಕು. ನನಗೆ ನೆನಪಿದೆ.

ಮೊಮ್ಮಗನ ದರಪಟ್ಟಿಗೆ ಬರುತ್ತೇನೆ. ಮನೆಗೆಲಸಕ್ಕೆ ಮಕ್ಕಳಿಗೆ ದುಡ್ಡು ಕೊಡಬೇಕೇ ಬೇಡವೇ ಎಂಬ ಜಗಳ ನಮ್ಮ ಫ್ರಿಜ್ಜಿನ ಬಾಗಿಲಿನಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಇದಕ್ಕೆ ನೂರು ವರ್ಷ ದಾಟಿದೆ. ವಿವಿಯಾನಾ ಝೆಲಿಜರ್ ಎಂಬ ಸಮಾಜಶಾಸ್ತ್ರಜ್ಞೆ 1985ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಅಲ್ಲಿ 1870ರಿಂದ 1930ರ ನಡುವೆ ಮಕ್ಕಳು ಸಂಪಾದಿಸುವವರಿಂದ ಮುದ್ದಿನವರಾಗಿ ಬದಲಾದ ಬಗೆಯನ್ನು ವಿವರಿಸಿದ್ದಾರೆ. ಕಾರ್ಖಾನೆಯ ಕೂಲಿ ನಿಂತಿತು. ಆದರೆ ಪೇಟೆಯಲ್ಲಿ ಮಕ್ಕಳು ಕೊಳ್ಳುವ ವಸ್ತುಗಳು ಹೆಚ್ಚಾದವು. ಕೈಯಲ್ಲಿ ಕಾಸು ಎಲ್ಲಿಂದ? ಆಗ ಬಂತು ವಾರದ ಅಲೊವೆನ್ಸ್. ಅದು ಕೂಲಿಯೋ, ಪ್ರೀತಿಯ ಕೊಡುಗೆಯೋ, ಶಾಲೆಯಂತೆ ಒಂದು ಪಾಠವೋ ಎಂದು ಅಲ್ಲಿನವರು ಹೊಡೆದಾಡಿದರು. ನಮ್ಮಲ್ಲಿ ಇದೇ ಪ್ರಶ್ನೆ ಇನ್ನೊಂದು ಕಡೆಯಿಂದ ಬಂತು. 1937ರ ವರ್ಧಾ ಸಮ್ಮೇಳನದಲ್ಲಿ ಗಾಂಧೀಜಿ, ಮಕ್ಕಳು ನೂಲುವುದು ಮೊದಲಾದ ಕಸುಬಿನ ಮೂಲಕವೇ ಕಲಿಯಬೇಕು, ಆ ಹುಟ್ಟುವಳಿಯಿಂದ ಮೇಷ್ಟರ ಸಂಬಳ ಹೊರಡಬೇಕು ಎಂದರು. ಇದು ಮಕ್ಕಳನ್ನು ದುಡಿಸಿಕೊಂಡಂತೆ ಆಗುವುದಿಲ್ಲವೇ ಎಂಬ ಆಕ್ಷೇಪ ಆಗಲೇ ಎದ್ದಿತು. ಗಾಂಧೀಜಿಯ ಪಕ್ಷದಲ್ಲಿ ಒಂದು ಮಾತು ಹೇಳಬೇಕು. ಅವರ ಆ ಯೋಜನೆಯಲ್ಲಿ ಹುಡುಗನೂ ನೂಲಬೇಕಿತ್ತು, ಹುಡುಗಿಯೂ ನೂಲಬೇಕಿತ್ತು.

ನಮ್ಮ ಮನೆಗಳಲ್ಲಿ ಹಾಗಾಗಲಿಲ್ಲ. ಇದಕ್ಕೆ ಈಗ ಸರಕಾರದ ಲೆಕ್ಕವೇ ಇದೆ. 2019ರಲ್ಲಿ ಮೊದಲ ಬಾರಿ ಇಡೀ ದೇಶದಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಯಿತು. ಆರು ವರ್ಷ ದಾಟಿದ ಎಲ್ಲರೂ ಅದರಲ್ಲಿ ಸೇರಿದ್ದರು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರು ಹೆಣ್ಣುಗಳಲ್ಲಿ ನೂರಕ್ಕೆ 81, ಗಂಡುಗಳಲ್ಲಿ ನೂರಕ್ಕೆ 26. ಹಾಗೆ ಕೈಹಾಕಿದವರು ಸರಾಸರಿ ದಿನಕ್ಕೆ ಕೊಟ್ಟ ಸಮಯ ಹೆಣ್ಣುಗಳದ್ದು 299 ನಿಮಿಷ, ಗಂಡುಗಳದ್ದು 97. ಈ ಅಂಕಿಗಳನ್ನು ಓದಿದ ಮೇಲೆ ನನಗೆ ಮೊಮ್ಮಗಳ ಪ್ರಶ್ನೆ ಸ್ಪಷ್ಟವಾಯಿತು. ತಪ್ಪು ದುಡ್ಡು ಕೊಟ್ಟದ್ದರಲ್ಲಿ ಇರಲಿಲ್ಲ. ಅವನು ಮಾಡಿದರೆ ಅದು ಕೆಲಸ, ಅವಳು ಮಾಡಿದರೆ ಅದು ಸ್ವಭಾವ ಎಂದು ನಾವೇ ಒಂದು ಹಾಳೆಯ ಮೇಲೆ ಬರೆಸಿ ಅಂಟಿಸಿದ್ದೆವು. ಅಮ್ಮನ ಹಾಲಿನ ಕಾಸು ಅಪ್ಪನ ಕಾರ್ಡಿಗೆ ಹೋದದ್ದೂ ಇದೇ ದಾರಿಯಲ್ಲಿ.

ಭಾನುವಾರ ಮಧ್ಯಾಹ್ನ ಊಟದ ನಂತರ ಎಲ್ಲರೂ ಕೂತೆವು. ಮಗನಿಗೆ ಪಟ್ಟಿ ತೆಗೆಯಲು ಮನಸ್ಸಿಲ್ಲ. ಕೆಲಸಕ್ಕೂ ಹಣಕ್ಕೂ ನಂಟು ಕಡಿದರೆ ಮಕ್ಕಳು ಹಣ ಮರದಿಂದ ಉದುರುತ್ತದೆ ಎಂದುಕೊಳ್ಳುತ್ತಾರೆ ಎಂಬುದು ಅವನ ವಾದ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸೊಸೆ ಆಗ ಬಾಯಿ ಬಿಟ್ಟಳು: "ನಂದೂ ಒಂದು ರೇಟು ಬರೀಲಾ ಹಾಗಾದ್ರೆ?" ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮೊಮ್ಮಗ ಮಾತ್ರ ಪೆನ್ನು ಹುಡುಕಲು ಹೊರಟ.

ಕೊನೆಗೆ ಹೊಸ ಹಾಳೆ ಬಂತು. ಪಾತ್ರೆ, ಬಟ್ಟೆ, ಹಾಲು, ಹಾಸಿಗೆ ಇವಕ್ಕೆ ದರ ಇಲ್ಲ. ಮುಂದೆ ನಾಲ್ಕು ಹೆಸರಿನ ಕಾಲಂ, ಅದರಲ್ಲಿ ಅಪ್ಪನದೂ ಒಂದು. ನನ್ನನ್ನು ವಯಸ್ಸಿನ ಕಾರಣಕ್ಕೆ ಬಿಟ್ಟರು. ವಾರಕ್ಕೊಮ್ಮೆ ಇಬ್ಬರಿಗೂ ಸಮಾನವಾಗಿ 100 ರೂಪಾಯಿ. ಅದಕ್ಕೂ ಕೆಲಸಕ್ಕೂ ಸಂಬಂಧವಿಲ್ಲ, ಆದರೆ ಖರ್ಚನ್ನು ಬರೆದಿಡಬೇಕು, ವಾರದ ಮಧ್ಯೆ ಮುಗಿದರೆ ಮುಗಿಯಿತು. ಕೆಳಗೆ ಬೇರೆ ಪಟ್ಟಿ: ಫ್ಯಾನು ಒರೆಸುವುದು, ಮಾಳಿಗೆ ಕಪಾಟು ತೆಗೆದು ಜೋಡಿಸುವುದು, ರದ್ದಿ ಕಟ್ಟಿ ತೂಗಿಸಿ ಮಾರಿಬರುವುದು. ಇವಕ್ಕೆ ಹಣ ಉಂಟು, ಯಾರು ಬೇಕಾದರೂ ಮಾಡಬಹುದು. ಮೊದಲ ರದ್ದಿ ಮಾರಿದವಳು ಮೊಮ್ಮಗಳು. ರದ್ದಿಯವರ ತಕ್ಕಡಿಯ ಮೇಲೆ ಕಣ್ಣಿಟ್ಟು ಎರಡು ಸಲ ತೂಗಿಸಿದಳಂತೆ. ಮೊಮ್ಮಗ ಎರಡನೆಯ ವಾರ ಬುಧವಾರವೇ ಖಾಲಿಯಾಗಿ ಅಕ್ಕನ ಹತ್ತಿರ 20 ರೂಪಾಯಿ ಸಾಲ ಕೇಳಿದ. ಅವಳು ಬಡ್ಡಿ ಎಷ್ಟು ಎಂದಳು. ಅದನ್ನು ನಾನು ಬಿಡಿಸಬೇಕಾಯಿತು.

ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರ ಮೇ ತಿಂಗಳಲ್ಲೇ ಹೇಳಿದೆ. ಮಿತಿ ಎಷ್ಟು, ಎಟಿಎಂ ಕಾರ್ಡು ಕೊಡಬೇಕೋ ಬೇಡವೋ ಎಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಇದನ್ನು ಮೊಮ್ಮಗಳಿಗೆ ಹೇಳಿದೆ. ಮೊನ್ನೆ ಶುಕ್ರವಾರ ನಾವಿಬ್ಬರೂ ಹೋಗಿಬಂದೆವು. ಫಾರಮಿನಲ್ಲಿ ಹೆಸರು ಅವಳೇ ಬರೆದಳು, ಸಹಿ ಹೇಗೆ ಮಾಡುವುದು ಎಂದು ಹಿಂದಿನ ರಾತ್ರಿ ಒಂದು ಪುಟ ಅಭ್ಯಾಸ ಮಾಡಿದ್ದಳು. ಕಟ್ಟಿದ್ದು 640 ರೂಪಾಯಿ. ಅದರಲ್ಲಿ 210 ರದ್ದಿಯದ್ದು, ಉಳಿದದ್ದು ಹಬ್ಬದ್ದು ಮತ್ತು ವಾರದ್ದು. ಹಿಂತಿರುಗುವಾಗ ರಿಕ್ಷಾದ ಬಾಡಿಗೆ ನಾನು ಕೊಟ್ಟೆ. ಚಿಲ್ಲರೆ ನಾಲ್ಕು ರೂಪಾಯಿ ಉಳಿಯಿತು. ಅವಳು ಅದನ್ನು ಎಣಿಸಿ ನನ್ನ ಕೈಗೆ ವಾಪಸು ಕೊಟ್ಟಳು.